ಎಣ್ಣೆ ಮುಗಿದ ದಿನ

ಗಾಯದ ಮೇಲೆ ಬರೆ ಎಳೆಯುವುದು ನಮ್ಮಲ್ಲಿ ಕೇವಲ ಒಂದು ನುಡಿಗಟ್ಟು. ಹದಿನಾರನೆಯ ಶತಮಾನದ ಯುರೋಪಿನಲ್ಲಿ ಅದು ಅಕ್ಷರಶಃ ಚಿಕಿತ್ಸೆಯಾಗಿತ್ತು. ಆ ಚಿಕಿತ್ಸೆಯನ್ನು ಅನುಭವದ ಒರೆಗೆ ಹಚ್ಚಿದವನು ಫ್ರಾನ್ಸಿನ ಆಂಬ್ರ್ವಾಜ್ ಪಾರೆ.

1510ರ ಸುಮಾರಿಗೆ ಲವಾಲ್ ಪಟ್ಟಣದ ಬಳಿ ಜನಿಸಿದ ಪಾರೆಗೆ ಲ್ಯಾಟಿನ್ ಪಾಂಡಿತ್ಯವಿರಲಿಲ್ಲ. ಕ್ಷೌರಿಕ-ಶಸ್ತ್ರವೈದ್ಯರ ಕಸುಬು ಕಲಿತು, ಪ್ಯಾರಿಸ್ಸಿನ ಓತೆಲ್ ದ್ಯೂ ಆಸ್ಪತ್ರೆಯಲ್ಲಿ ಪಳಗಿ, ಸೇನೆಯೊಡನೆ ಹೊರಟವನು ಅವನು. ಗುಂಡಿನ ಗಾಯಕ್ಕೆ ಮದ್ದಿನ ವಿಷ ತಗಲಿರುತ್ತದೆ, ಕುದಿಯುವ ಎಣ್ಣೆ ಹೊಯ್ದು ಸುಟ್ಟರೇ ಅದು ಇಳಿಯುವುದು ಎಂಬ ಇಟಲಿಯ ಜಿಯೊವಾನಿ ದ ವಿಗೋನ ಬೋಧನೆ ಆಗ ಪ್ರಮಾಣವೆನಿಸಿತ್ತು.

1536-37ರ ಟ್ಯೂರಿನ್ ದಂಡಯಾತ್ರೆಯಲ್ಲಿ ಪಾರೆಯ ಎಣ್ಣೆ ಮುಗಿದುಹೋಯಿತು. ಉಳಿದ ಗಾಯಾಳುಗಳಿಗೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಬೆರೆಸಿ ಲೇಪಿಸಿದ. ಅವರು ವಿಷವೇರಿ ಸತ್ತಾರೆಂಬ ಭಯದಲ್ಲಿ ಇರುಳೆಲ್ಲ ನಿದ್ದೆಗೆಟ್ಟು, ನಸುಕಿನಲ್ಲೇ ಹೋಗಿ ನೋಡಿದ. ಲೇಪ ಪಡೆದವರಲ್ಲಿ ನೋವು, ಬಾವು ಅತ್ಯಲ್ಪ. ಸುಡಿಸಿಕೊಂಡವರು ಜ್ವರದಿಂದ, ಬಾವಿನಿಂದ ನರಳುತ್ತಿದ್ದರು.

ಅರ್ಥಶಾಸ್ತ್ರ ಓದಿದ ನನಗೆ ಇದು ಸಹಜ ಪ್ರಯೋಗವೊಂದರ ಸೊಗಸಾದ ನಿದರ್ಶನವಾಗಿ ಕಾಣುತ್ತದೆ. ಸರ್ಕಾರಿ ಸೇವೆಯ ಅನುಭವ ಮತ್ತೊಂದನ್ನೂ ಹೇಳುತ್ತದೆ. ದಾಸ್ತಾನು ಮುಗಿದಾಗ ಹೊಸ ಬೇಡಿಕೆಪಟ್ಟಿ ಕಳುಹಿಸುವವರು ಹಲವರು. ಆ ವಸ್ತು ಅಗತ್ಯವೇ ಇತ್ತೇ ಎಂದು ಕೇಳುವವರು ವಿರಳ. ಪಾರೆ ಕೇಳಿದ. 1545ರಲ್ಲಿ ತಾನು ಕಂಡದ್ದನ್ನು ಜನರಾಡುವ ಫ್ರೆಂಚಿನಲ್ಲೇ ಗ್ರಂಥವಾಗಿಸಿದ.

ಕೈಕಾಲು ಕತ್ತರಿಸಿದಾಗ ರಕ್ತ ನಿಲ್ಲಿಸಲು ಕೆಂಪಗೆ ಕಾದ ಕಬ್ಬಿಣ ಒತ್ತುವ ಬದಲು, 1552ರ ದಾಂವಿಲ್ಲೆ ಮುತ್ತಿಗೆಯಲ್ಲಿ ರಕ್ತನಾಳಗಳನ್ನು ದಾರದಿಂದ ಕಟ್ಟಿದ. ನಾಳ ಕಟ್ಟುವ ವಿಧಾನ ಪ್ರಾಚೀನ ಗ್ರಂಥಗಳಲ್ಲೇ ಇತ್ತು. ಅಂಗಚ್ಛೇದನಕ್ಕೆ ಅದನ್ನು ಅನ್ವಯಿಸಿ ಪ್ರಚುರಪಡಿಸಿದ್ದು ಇವನ ಸಾಧನೆ. 1575ರಲ್ಲಿ ಸಮಗ್ರ ಕೃತಿಗಳು ಹೊರಬಂದಾಗ ಪ್ಯಾರಿಸ್ಸಿನ ವೈದ್ಯ ಪಂಡಿತರು ಆಕ್ಷೇಪವೆತ್ತಿದರು. ಆದರೂ ನಾಲ್ವರು ದೊರೆಗಳ ಶಸ್ತ್ರವೈದ್ಯನಾಗಿ ಬಾಳಿ ಪಾರೆ 1590ರಲ್ಲಿ ತೀರಿಕೊಂಡ.

ಸುಡುವ ಚಿಕಿತ್ಸೆ ಅವನೊಂದಿಗೆ ಕೊನೆಗೊಳ್ಳಲಿಲ್ಲ, ಕೊನೆಗೊಳ್ಳಬೇಕಾಗಿಯೂ ಇರಲಿಲ್ಲ. ಇಂದಿನ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ವಿದ್ಯುತ್ ಶಾಖದಿಂದ ರಕ್ತಸ್ರಾವ ತಡೆಯುವುದು ನಿತ್ಯದ ಕೆಲಸ. ಅಲ್ಲಿ ಎಷ್ಟು ಶಾಖ, ಎಲ್ಲಿ, ಏತಕ್ಕೆ ಎಂಬುದಕ್ಕೆ ಲೆಕ್ಕವಿದೆ. ಕಾಮಾಲೆಯಾದ ಹಸುಳೆಗೆ ಬರೆ ಹಾಕಿಸುವ ನಮ್ಮ ನಾಡಿನ ರೂಢಿಗೆ ಅಂಥ ಲೆಕ್ಕವಿಲ್ಲ. ಹಿರಿಯರು ಮಾಡುತ್ತಿದ್ದರೆಂಬುದೊಂದೇ ಅದರ ಆಧಾರ. ಬರೆ ಬಿದ್ದ ಮಗುವನ್ನು ಮರುದಿನ ನಸುಕಿನಲ್ಲಿ ಪಾರೆಯ ಕಣ್ಣಿನಿಂದ ನೋಡಬಲ್ಲವರು ಆ ಊರುಗಳಿಗೆ ಬೇಕಾಗಿದ್ದಾರೆ.