ಫಿಲಿಪ್ ಹೆನ್ರಿ ಗಾಸ್

ಫಿಲಿಪ್ ಹೆನ್ರಿ ಗಾಸ್ (ಏಪ್ರಿಲ್ 6, 1810 – ಆಗಸ್ಟ್ 23, 1888) ಇಂಗ್ಲೆಂಡಿನ ಪ್ರಕೃತಿವಿಜ್ಞಾನಿ, ಚಿತ್ರಕಾರ ಹಾಗೂ ಜನಪ್ರಿಯ ವಿಜ್ಞಾನ ಲೇಖಕರು. ಕಡಲಿನ ಜೀವಿಗಳನ್ನು ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿಟ್ಟು ಮನೆಯಲ್ಲೇ ಸಾಕುವ ವಿಧಾನವನ್ನು ಸಾಮಾನ್ಯ ಓದುಗರಿಗೆ ತಿಳಿಸಿಕೊಟ್ಟವರಲ್ಲಿ ಇವರು ಪ್ರಮುಖರು. ಅಕ್ವೇರಿಯಂ ಎಂಬ ಪದವು ಇಂದಿನ ಅರ್ಥದಲ್ಲಿ ರೂಢಿಗೆ ಬಂದದ್ದು ಇವರ 1854ರ ಗ್ರಂಥದಿಂದ. ಆ ಗ್ರಂಥ ಹಬ್ಬಿಸಿದ ಹವ್ಯಾಸವೇ ಮುಂದೆ ಇವರು ಅಧ್ಯಯನ ಮಾಡಿದ ಕರಾವಳಿಯ ಜೀವಸಂಪತ್ತಿಗೆ ಕುತ್ತಾಯಿತು.

ಆರಂಭಿಕ ಜೀವನ

ಗಾಸ್ ಹುಟ್ಟಿದ್ದು ವೂಸ್ಟರ್ ನಗರದಲ್ಲಿ. ತಂದೆ ಥಾಮಸ್ ಗಾಸ್ ಊರೂರು ಅಲೆದು ಕಿರುಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ಕಲಾವಿದ. ತಂದೆಯಿಂದ ಬಂದ ಈ ಕುಸುರಿ ಕೈಚಳಕ ಮಗನ ಪ್ರಾಣಿಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಬಾಲ್ಯ ಕಳೆದದ್ದು ಪೂಲ್ ಎಂಬ ಬಂದರು ಪಟ್ಟಣದಲ್ಲಿ. ಅಲ್ಲಿ ಸೋದರತ್ತೆ ಸೂಸನ್ ಬೆಲ್ ಅವರಿಂದ ಕಡಲಹೂಗಳನ್ನು ಗಮನಿಸುವುದನ್ನು ಕಲಿತರು. ಕಡಲಹೂ ಎಂಬುದು ಸಸ್ಯವಲ್ಲ. ಹವಳದ ಬಂಧುವಾದ, ಎಸಳಿನಂತಹ ಸ್ಪರ್ಶಾಂಗಗಳುಳ್ಳ ಪ್ರಾಣಿ.

ಬಡತನದ ಕಾರಣ ಹದಿನೈದನೆಯ ವಯಸ್ಸಿಗೇ ಗುಮಾಸ್ತರಾದರು. 1827ರಲ್ಲಿ ನ್ಯೂಫೌಂಡ್‌ಲ್ಯಾಂಡಿನ ಕಾರ್ಬೊನಿಯರ್‌ಗೆ ತೆರಳಿದರು. ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಪುಸ್ತಕವೊಂದನ್ನು 1832ರಲ್ಲಿ ಅಲ್ಲಿ ಕೊಂಡದ್ದು ಅವರ ಬದುಕಿನ ದಿಕ್ಕನ್ನು ಬದಲಿಸಿತು. ಅದೇ ವರ್ಷ ಅವರ ಧಾರ್ಮಿಕ ಶ್ರದ್ಧೆಯೂ ಗಾಢವಾಯಿತು. ಬಳಿಕ ಕೆನಡಾದಲ್ಲಿ ಮೂರು ವರ್ಷ ಬೇಸಾಯ ಮಾಡಿ ಸೋತರು. ಅಲಬಾಮಾದಲ್ಲಿ ಕೆಲವು ತಿಂಗಳು ಶಾಲಾ ಶಿಕ್ಷಕರಾಗಿದ್ದು, ಅಲ್ಲಿನ ಗುಲಾಮಗಿರಿಯನ್ನು ಕಂಡು ಜುಗುಪ್ಸೆಗೊಂಡರು. 1839ರಲ್ಲಿ ಇಂಗ್ಲೆಂಡಿಗೆ ಮರಳಿ, ಮರುವರ್ಷ ತಮ್ಮ ಮೊದಲ ಗ್ರಂಥವನ್ನು ಪ್ರಕಟಿಸಿದರು. 1844ರಲ್ಲಿ ಜಮೈಕಾಗೆ ಹೋಗಿ ಅಲ್ಲಿನ ಪಕ್ಷಿಗಳನ್ನು ಅಭ್ಯಸಿಸಿದರು. ಈ ಕೆಲಸದಲ್ಲಿ ಸ್ಥಳೀಯರಾದ ರಿಚರ್ಡ್ ಹಿಲ್ ಮತ್ತು ತರುಣ ಸ್ಯಾಮ್ಯುಯೆಲ್ ಕ್ಯಾಂಪ್‌ಬೆಲ್ ಅವರ ನೆರವು ದೊಡ್ಡದಾಗಿತ್ತು.

1848ರಲ್ಲಿ ಧಾರ್ಮಿಕ ಲೇಖಕಿ ಎಮಿಲಿ ಬೌಸ್ ಅವರನ್ನು ವಿವಾಹವಾದರು. ಇವರ ಏಕೈಕ ಪುತ್ರ ಎಡ್ಮಂಡ್ ಗಾಸ್ ಮುಂದೆ ಇಂಗ್ಲಿಷ್ ಸಾಹಿತ್ಯ ವಿಮರ್ಶಕರಾಗಿ ಹೆಸರಾದರು.

ಉಪ್ಪುನೀರಿನ ತೊಟ್ಟಿ

ಅತಿಯಾದ ಬರವಣಿಗೆಯಿಂದ ಆರೋಗ್ಯ ಕೆಟ್ಟಾಗ, 1852ರಲ್ಲಿ ಗಾಸ್ ಕುಟುಂಬ ಲಂಡನ್ನಿನಿಂದ ಡೆವನ್ ಕರಾವಳಿಗೆ ಬಂದಿತು. ಭರತ ಇಳಿದಾಗ ಬಂಡೆಗಳ ನಡುವೆ ಉಳಿಯುವ ನೀರಿನ ಹೊಂಡಗಳೇ ಅಲ್ಲಿ ಅವರ ಪ್ರಯೋಗಶಾಲೆ. ಉಳಿ, ಸುತ್ತಿಗೆ, ಬುಟ್ಟಿ, ಜಾಡಿಗಳೊಂದಿಗೆ ಸೊಂಟದವರೆಗಿನ ನೀರಿಗಿಳಿದು, ಅಂಟಿಕೊಂಡ ಕಲ್ಲಿನ ತುಣುಕಿನೊಡನೆಯೇ ಜೀವಿಗಳನ್ನು ಬಿಡಿಸಿ ತರುತ್ತಿದ್ದರು. ಇಲ್‌ಫ್ರಾಕೂಂಬ್‌ನಲ್ಲಿ ಕಡಲಹೂವೊಂದನ್ನು ಬೇಯಿಸಿ ತಿಂದು ಅದರ ರುಚಿಯನ್ನೂ ದಾಖಲಿಸಿದ್ದಾರೆ!

ಕಡಲಜೀವಿಗಳನ್ನು ಸಾಕಿದವರಲ್ಲಿ ಗಾಸ್ ಮೊದಲಿಗರಲ್ಲ ಎಂಬುದನ್ನು ಗಮನಿಸಬೇಕು. ಝಾನ್ ವಿಲ್‌ಪ್ರೂ-ಪವರ್ 1830ರ ದಶಕದಲ್ಲೇ ಸಿಸಿಲಿಯಲ್ಲಿ ಗಾಜಿನ ತೊಟ್ಟಿಗಳನ್ನು ಬಳಸಿದ್ದರು. ಆನಾ ಥಿನ್ ಎಂಬ ಮಹಿಳೆ 1846ರಲ್ಲಿ ಟಾರ್ಕೀಯಿಂದ ಹವಳಗಳನ್ನು ಲಂಡನ್ನಿಗೆ ತಂದು, ನೀರನ್ನು ಕೈಯಿಂದ ಕಲಕಿ ಗಾಳಿಯಾಡಿಸುತ್ತ ಉಳಿಸಿಕೊಂಡಿದ್ದರು. ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಸಸ್ಯ ಮತ್ತು ಪ್ರಾಣಿಗಳ ಸಮತೋಲದ ತತ್ತ್ವವನ್ನು ಸಿಹಿನೀರಿನಲ್ಲಿ ತೋರಿಸಿದ್ದರು. ಬೆಳಕಿನಲ್ಲಿ ಸಸ್ಯ ಬಿಡುವ ಆಮ್ಲಜನಕವನ್ನು ಪ್ರಾಣಿ ಉಸಿರಾಡುತ್ತದೆ, ಪ್ರಾಣಿ ಬಿಡುವ ಇಂಗಾಲದ ಡೈಆಕ್ಸೈಡನ್ನು ಸಸ್ಯ ಹೀರುತ್ತದೆ ಎಂಬುದು ಆ ತತ್ತ್ವ. ಇದನ್ನು ಕಡಲಿನ ನೀರಿಗೆ ಅಳವಡಿಸುವಲ್ಲಿ ಗಾಸ್ ಮತ್ತು ವಾರಿಂಗ್ಟನ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಯಶಸ್ವಿಯಾದರು. ಗಾಸ್ ಅವರ ನಿಜವಾದ ಕೊಡುಗೆ ಇದನ್ನು ಯಾರು ಬೇಕಾದರೂ ಮಾಡಬಹುದಾದ ಕೆಲಸವನ್ನಾಗಿ ವಿವರಿಸಿದ್ದು.

ಅವರ ಸಲಹೆಗಳಲ್ಲಿ ಹಲವು ಇಂದಿಗೂ ಹವ್ಯಾಸಿಗಳಿಗೆ ಪರಿಚಿತ. ಕೆಂಪು ಪಾಚಿಗಿಂತ ಹಸಿರು ಪಾಚಿ ಉತ್ತಮ. ಗಾಜಿನ ಮೇಲೆ ಹಬ್ಬುವ ಪಾಚಿಯನ್ನು ಮೇಯಲು ಕಡಲ ಬಸವನಹುಳುಗಳಿರಬೇಕು. ಸತ್ತ ಜೀವಿಯನ್ನು ಕೂಡಲೇ ತೆಗೆಯಬೇಕು. ಆವಿಯಾದ ಪ್ರಮಾಣಕ್ಕೆ ಸಿಹಿನೀರನ್ನೇ ಸೇರಿಸಬೇಕು, ಏಕೆಂದರೆ ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ತ್ಯಾಜ್ಯದ ಅಮೋನಿಯಾವನ್ನು ನೈಟ್ರೇಟಾಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳ ಪಾತ್ರ ವಿಜ್ಞಾನಕ್ಕೆ ತಿಳಿದದ್ದು ದಶಕಗಳ ನಂತರ. ಅದನ್ನು ಅರಿಯದೆಯೇ ಇಷ್ಟು ಸಾಧಿಸಿದ್ದು ಗಮನಾರ್ಹ.

ಕಡಲಿನಿಂದ ದೂರವಿರುವವರಿಗೆ ನೀರೇ ದೊಡ್ಡ ತೊಡಕಾಗಿತ್ತು. 1854ರಲ್ಲಿ ಗಾಸ್ ಕೃತಕ ಕಡಲನೀರಿನ ಸೂತ್ರವನ್ನು ಪ್ರಕಟಿಸಿದರು. ಅಡುಗೆ ಉಪ್ಪು, ಎಪ್ಸಮ್ ಲವಣ, ಮೆಗ್ನೀಸಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಎಂಬ ನಾಲ್ಕೇ ಲವಣಗಳು ಅದರಲ್ಲಿದ್ದವು. ಕ್ಯಾಲ್ಸಿಯಂ ಲವಣವನ್ನು ಪ್ರತ್ಯೇಕವಾಗಿ ಸೇರಿಸಿರಲಿಲ್ಲ. ಸುಣ್ಣದ ಗೂಡು ಕಟ್ಟುವ ಉಷ್ಣವಲಯದ ಹವಳಗಳನ್ನು ಸಾಕುವ ಇಂದಿನ ತೊಟ್ಟಿಗಳಿಗೆ ಇದು ಸಾಲದು. ಗಾಸ್ ಸಾಕಿದ್ದು ಬ್ರಿಟನ್ನಿನ ತಂಪು ನೀರಿನ ಜೀವಿಗಳನ್ನು.

1853ರ ಮೇ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆದಾಗ ಗಾಸ್ ಡೆವನ್‌ನಿಂದ ಬಹಳಷ್ಟು ಜೀವಿಗಳನ್ನು ಒದಗಿಸಿದರು. ಮರುವರ್ಷದ ದಿ ಅಕ್ವೇರಿಯಂ ಎಂಬ ವರ್ಣಚಿತ್ರಸಹಿತ ಗ್ರಂಥ 900 ಪೌಂಡಿಗೂ ಹೆಚ್ಚು ಲಾಭ ತಂದಿತು. 1855ರಲ್ಲಿ ಕಿರು ಕೈಪಿಡಿಯೂ ಹೊರಬಂತು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿತ್ತು. ರೈಲು ಜನರನ್ನು ಸುಲಭವಾಗಿ ಕಡಲತೀರಕ್ಕೆ ಕರೆದೊಯ್ಯುತ್ತಿತ್ತು. ಮಧ್ಯಮವರ್ಗದ ಮನೆಗಳಲ್ಲಿ ತೊಟ್ಟಿ ಇಡುವುದು ಗೀಳಾಗಿ ಹಬ್ಬಿತು.

ಪರಿಣಾಮ ಕರಾವಳಿಯ ಮೇಲಾಯಿತು. ಗಾಸ್ ಅವರ ಪುಸ್ತಕ ಹಿಡಿದು ಬಂದ ಸಂಗ್ರಾಹಕರು, ಮಾರಾಟಗಾರರು ಹೊಂಡಗಳನ್ನು ತಡಕಾಡಿ ಬರಿದುಮಾಡಿದರು. ನೂರಾರು ವರ್ಷಗಳಿಂದ ಯಾರೂ ಮುಟ್ಟದಿದ್ದ ಆ ಹೊಂಡಗಳು ಹಾಳಾದುದನ್ನೂ, ಅದಕ್ಕೆ ತನ್ನ ಬರಹಗಳೇ ಕಾರಣವೆಂದು ತಂದೆ ನೊಂದುದನ್ನೂ ಎಡ್ಮಂಡ್ ದಾಖಲಿಸಿದ್ದಾರೆ. ಮನೆಯ ತೊಟ್ಟಿಗೆಂದು ಕಾಡುಹವಳಗಳನ್ನು ಕೀಳುವ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಯ ಮೂಲರೂಪ ಇಲ್ಲಿದೆ.

ಓಂಫಲೋಸ್ ಮತ್ತು ನಂತರದ ವರ್ಷಗಳು

1856ರಲ್ಲಿ ಗಾಸ್ ರಾಯಲ್ ಸೊಸೈಟಿಯ ಸದಸ್ಯರಾದರು. 1857ರ ಫೆಬ್ರವರಿಯಲ್ಲಿ ಎಮಿಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಆ ವರ್ಷವೇ ಪ್ರಕಟವಾದ ಓಂಫಲೋಸ್ ಗ್ರಂಥ ಅವರ ಖ್ಯಾತಿಗೆ ಪೆಟ್ಟು ಕೊಟ್ಟಿತು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಹೊಕ್ಕುಳು ಎಂದರ್ಥ. ತಾಯಿಯ ಗರ್ಭದಿಂದ ಹುಟ್ಟದ ಆದಾಮನಿಗೂ ಹೊಕ್ಕುಳಿದ್ದಂತೆ, ಭೂಮಿಯೂ ಎಂದೂ ನಡೆಯದ ಗತಕಾಲದ ಗುರುತುಗಳೊಂದಿಗೇ ಸೃಷ್ಟಿಯಾಯಿತು. ಪಳೆಯುಳಿಕೆಗಳು ಅಂತಹ ಗುರುತುಗಳು ಎಂಬುದು ಅವರ ವಾದ. ಈ ವಾದವನ್ನು ಯಾವ ಸಾಕ್ಷ್ಯದಿಂದಲೂ ಅಲ್ಲಗಳೆಯಲಾಗದು. ಅದೇ ಅದರ ದೌರ್ಬಲ್ಯ. ವಿಜ್ಞಾನಿಗಳು ನಿರ್ಲಕ್ಷಿಸಿದರು. ಗೆಳೆಯರೂ ಧರ್ಮಗುರುಗಳೂ ಆಗಿದ್ದ ಚಾರ್ಲ್ಸ್ ಕಿಂಗ್ಸ್ಲಿ ಕೂಡ, ಇದು ದೇವರನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆಂದು ಒಪ್ಪಲಿಲ್ಲ.

ಸೇಂಟ್ ಮೇರಿಚರ್ಚ್‌ನಲ್ಲಿ ನೆಲೆಸಿದ್ದ ಗಾಸ್ ಸೋಲಿನ ನಂತರ ಕಡಲಹೂಗಳತ್ತ ಮರಳಿದರು. 1858ರಿಂದ 1860ರವರೆಗೆ ಕಂತುಗಳಲ್ಲಿ ಬಂದ ಬ್ರಿಟಿಷ್ ಕಡಲಹೂ ಮತ್ತು ಹವಳಗಳ ಗ್ರಂಥ ಅವರ ಶ್ರೇಷ್ಠ ವೈಜ್ಞಾನಿಕ ಕೃತಿಗಳಲ್ಲೊಂದು. 1860ರಲ್ಲಿ ಎಲೈಜಾ ಬ್ರೈಟ್‌ವೆನ್ ಅವರನ್ನು ಮದುವೆಯಾದರು. ಮುಂದೆ ಆರ್ಕಿಡ್‌ಗಳಲ್ಲಿ ಆಸಕ್ತಿ ತಳೆದರು, 1886ರಲ್ಲಿ ಸಿ. ಟಿ. ಹಡ್ಸನ್ ಅವರೊಂದಿಗೆ ರೋಟಿಫರ್ ಎಂಬ ಸೂಕ್ಷ್ಮಜೀವಿಗಳ ಬೃಹತ್ ಗ್ರಂಥವನ್ನು ಹೊರತಂದರು. ಎರಡು ವರ್ಷಗಳ ಬಳಿಕ ನಿಧನರಾದರು.

ಎಡ್ಮಂಡ್ 1907ರಲ್ಲಿ ಬರೆದ ಫಾದರ್ ಅಂಡ್ ಸನ್ ಕೃತಿಯಿಂದಾಗಿ ಗಾಸ್ ಬಹುಕಾಲ ಕಠೋರ ಮತನಿಷ್ಠರೆಂದೇ ಪರಿಚಿತರಾಗಿದ್ದರು. ಆನ್ ಥ್ವೇಟ್ ಅವರ 2002ರ ಜೀವನಚರಿತ್ರೆ ಈ ಚಿತ್ರವನ್ನು ಬಹುಮಟ್ಟಿಗೆ ತಿದ್ದಿದೆ. ಡೆವನ್ ಕರಾವಳಿಯಲ್ಲಿ ಅವರು ಗುರುತಿಸಿದ ಕೆಂಪು-ಹೊನ್ನಿನ ಬಣ್ಣದ ಹವಳ ಬ್ಯಾಲನೋಫಿಲಿಯಾ ರೀಜಿಯಾದ ಹೆಸರಿನ ಮುಂದೆ, ಮೊದಲು ವರ್ಣಿಸಿದವರ ಗುರುತಾಗಿ, ಗಾಸ್ 1853 ಎಂದು ಬರೆಯುವ ರೂಢಿ ಇಂದಿಗೂ ಇದೆ.