ಓದಿದ್ದು ಅರ್ಥವಾಯಿತೇ ಎಂದು ಕೇಳಿದವರು: ಹೊರೇಸ್ ಮ್ಯಾನ್

ಅಮೆರಿಕದ ಅನೇಕ ಊರುಗಳಲ್ಲಿ ಹೊರೇಸ್ ಮ್ಯಾನ್ ಹೆಸರಿನ ಶಾಲೆಗಳಿವೆ. ನಿಮ್ಮಲ್ಲಿ ಕೆಲವರು ಅಂಥ ಒಂದು ಶಾಲೆಯ ಮುಂದೆ ದಿನವೂ ಬಸ್ಸಿನಲ್ಲಿ ಹಾದು ಹೋಗುತ್ತಿರಬಹುದು. ಮೂರನೇ ತರಗತಿಯಿಂದ ಎಂಟನೆಯವರೆಗೆ ಇಲ್ಲಿ ಪ್ರತಿ ವರ್ಷ ನೀವು ರೀಡಿಂಗ್ ಪರೀಕ್ಷೆ ಬರೆಯುತ್ತೀರಲ್ಲ, ಒಂದು ಪುಟ ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸುವುದು? ಅದರ ಬೇರನ್ನು ಹುಡುಕುತ್ತ ಹೋದರೆ ಈ ಮಹನೀಯರ ಬಳಿಗೆ ಬಂದು ನಿಲ್ಲುತ್ತೇವೆ. ಅವರ ಮೇಲೆ ಸಿಟ್ಟಾಗಬೇಡಿ, ಮೊದಲು ಅವರ ಕಥೆ ಕೇಳಿ.

ಹೊರೇಸ್ ಹುಟ್ಟಿದ್ದು 1796ರ ಮೇ 4ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಂಕ್ಲಿನ್ ಎಂಬ ಸಣ್ಣ ಊರಿನ ಬಡ ರೈತರ ಮನೆಯಲ್ಲಿ. ಬೆಂಜಮಿನ್ ಫ್ರಾಂಕ್ಲಿನ್ ಅವರ ಹೆಸರನ್ನೇ ಊರಿಗೆ ಇಟ್ಟುಕೊಂಡಿದ್ದ ಜನ, ನಮ್ಮ ಚರ್ಚಿಗೆ ಒಂದು ಗಂಟೆ ಕೊಡಿಸಿ ಎಂದು ಅವರನ್ನು ಕೇಳಿದ್ದರಂತೆ. ಅವರು ಗಂಟೆಯ ಬದಲು ಪುಸ್ತಕಗಳನ್ನು ಕಳುಹಿಸಿಕೊಟ್ಟರು. ಅದೇ ಊರಿನ ಗ್ರಂಥಾಲಯವಾಯಿತು. ಹದಿನೈದು ವರ್ಷದವರೆಗೆ ಹೊರೇಸ್ ಶಾಲೆಗೆ ಹೋದದ್ದು ವರ್ಷಕ್ಕೆ ಎಂಟು ಹತ್ತು ವಾರ ಮಾತ್ರ. ಉಳಿದ ದಿನಗಳಲ್ಲಿ ಹೊಲದ ಕೆಲಸ, ಮನೆಯಲ್ಲಿ ಟೋಪಿಗಾಗಿ ಹುಲ್ಲು ಹೆಣೆಯುವ ಕೆಲಸ. ತನ್ನ ಶಾಲೆಯ ಪುಸ್ತಕಗಳಿಗೆ ಹಣ ಹೊಂದಿಸಿದ್ದೂ ಆ ಹೆಣೆಯುವ ಕೆಲಸದಿಂದಲೇ. ಶಾಲೆಯಲ್ಲಿ ಎಲ್ಲವೂ ಬಾಯಿಪಾಠ. ಅರ್ಥ ಮಾಡಿಕೊಂಡು ಓದುವ ರುಚಿ ಹತ್ತಿದ್ದು ಫ್ರಾಂಕ್ಲಿನ್ನರ ಪುಸ್ತಕಗಳಿಂದ.

ಹದಿಮೂರನೇ ವಯಸ್ಸಿನಲ್ಲಿ ತಂದೆ ಕ್ಷಯದಿಂದ ತೀರಿಕೊಂಡರು. ಮರುವರ್ಷ ಅಣ್ಣ ಸ್ಟೀಫನ್ ನೀರಿನಲ್ಲಿ ಮುಳುಗಿ ಸತ್ತ. ಇಷ್ಟಾದರೂ ಹುಡುಗ ಓದು ಬಿಡಲಿಲ್ಲ. ಒಬ್ಬ ಮೇಷ್ಟ್ರ ಬಳಿ ಆರು ತಿಂಗಳು ಹಗಲಿರುಳು ಓದಿ 1816ರಲ್ಲಿ ಬ್ರೌನ್ ವಿಶ್ವವಿದ್ಯಾಲಯಕ್ಕೆ ಸೇರಿ, 1819ರಲ್ಲಿ ತರಗತಿಗೇ ಮೊದಲಿಗನಾಗಿ ಹೊರಬಂದ. ಮುಂದೆ ವಕೀಲಿ, ಶಾಸನಸಭೆ, ಕೊನೆಗೆ ರಾಜ್ಯದ ಸೆನೆಟ್ಟಿನ ಅಧ್ಯಕ್ಷಗಿರಿ. ನಡುವೆ 1830ರಲ್ಲಿ ಮದುವೆಯಾದ ಶಾರ್ಲಟ್ ಎರಡೇ ವರ್ಷಕ್ಕೆ ತೀರಿಕೊಂಡಾಗ ಆ ದುಃಖದಲ್ಲಿ ಅವರ ತಲೆಗೂದಲು ಬೆಳ್ಳಗಾಯಿತೆಂದು ಹೇಳುತ್ತಾರೆ.

1837ರಲ್ಲಿ ಮ್ಯಾಸಚೂಸೆಟ್ಸ್ ಹೊಸದಾಗಿ ಶಿಕ್ಷಣ ಮಂಡಳಿಯೊಂದನ್ನು ರಚಿಸಿ, ಅದರ ಕಾರ್ಯದರ್ಶಿಯಾಗಿ ಎಂದು ಮ್ಯಾನ್ ಅವರನ್ನು ಕರೆಯಿತು. ಸಂಬಳ ಕಡಿಮೆ, ಅಧಿಕಾರವೂ ಹೆಚ್ಚಿಲ್ಲ. ಯಾವ ಶಾಲೆಗೂ ಆಜ್ಞೆ ಮಾಡುವಂತಿಲ್ಲ, ಮಾಹಿತಿ ಕಲೆಹಾಕಿ ವರದಿ ಬರೆಯಬಹುದು ಅಷ್ಟೇ. ಸ್ನೇಹಿತರು ಬೇಡವೆಂದರೂ ಒಪ್ಪಿಕೊಂಡರು. ನಡೆಯುತ್ತಿದ್ದ ವಕೀಲಿಯನ್ನು ಬಿಟ್ಟು ಊರೂರು ತಿರುಗತೊಡಗಿದರು. ಪಿಟ್ಸ್‌ಫೀಲ್ಡ್ ಎಂಬಲ್ಲಿ ಶಿಕ್ಷಕರ ಸಭೆಗೆ ಹೋದಾಗ ಶಾಲೆ ಕಸದಿಂದ ತುಂಬಿತ್ತಂತೆ. ಇವರೂ ಜೊತೆಗಿದ್ದ ಗವರ್ನರೂ ಪೊರಕೆ ತಂದು ತಾವೇ ಗುಡಿಸಿದರು ಎಂದು ಹೇಳುತ್ತಾರೆ.

ನನಗೆ ಅವರ 1838ರ ಎರಡನೇ ವರದಿಯೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಓದುವಾಗ ಮಕ್ಕಳ ಮನಸ್ಸು ಕೆಲಸ ಮಾಡುತ್ತಿದೆಯೇ ಅಥವಾ ನಾಲಿಗೆ ಮಾತ್ರವೇ ಎಂದು ಅವರು ಊರೂರಿನ ಶಾಲಾ ಸಮಿತಿಗಳನ್ನು ಬರಹದಲ್ಲಿ ವಿಚಾರಿಸಿದರು. ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಓದುವ ತರಗತಿಗಳ ಹನ್ನೆರಡು ಮಕ್ಕಳಲ್ಲಿ ಹನ್ನೊಂದಕ್ಕೂ ಹೆಚ್ಚು ಮಂದಿಗೆ ತಾವು ಓದುತ್ತಿರುವ ಪದಗಳ ಅರ್ಥವೇ ತಿಳಿಯದು ಎಂಬ ಲೆಕ್ಕ ಸಿಕ್ಕಿತು. ಇಂದಿನವರ ಕಣ್ಣಿಗೆ ಅದು ಒರಟು ಲೆಕ್ಕವೇ ಇರಬಹುದು. ಆದರೆ ಅದುವರೆಗೆ ಗಟ್ಟಿಯಾಗಿ, ತಡವರಿಸದೆ ಓದಿದರೆ ಮಗು ಜಾಣ ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅರ್ಥವಾಯಿತೇ ಎಂದು ಕೇಳಿ ಎಣಿಸಿದವರು ವಿರಳ.

ಪಾಲಕರೇ, ಇಲ್ಲಿ ನನ್ನ ಮನೆಯ ಮಾತೊಂದು. ನನ್ನ ಮಗಳು ಮೊನ್ನೆ ಪುಣ್ಯಕೋಟಿಯ ಕಥೆಯನ್ನು ಒಂದೂ ಒತ್ತಕ್ಷರ ತಪ್ಪದೆ ಓದಿದಳು. ನಾನು ಹಿಗ್ಗಿಹೋದೆ. ಹಸು ಹುಲಿಯ ಬಳಿಗೆ ಮತ್ತೆ ಏಕೆ ಬಂತು ಎಂದು ಕೇಳಿದರೆ ಸುಮ್ಮನೆ ನನ್ನ ಮುಖ ನೋಡಿದಳು. ದೊಡ್ಡಿ ಎಂದರೆ ದೊಡ್ಡ ಹಸು ಎಂದುಕೊಂಡಿದ್ದಳಂತೆ! ಕನ್ನಡ ಕಲಿಯುವ ನಮ್ಮ ಮಕ್ಕಳಲ್ಲಿ ಆ ಹನ್ನೊಂದು ಮಂದಿ ಎಷ್ಟಿದ್ದಾರೋ.

1843ರಲ್ಲಿ ಮ್ಯಾನ್ ಅವರು ಮೇರಿ ಪೀಬಾಡಿ ಅವರನ್ನು ಮದುವೆಯಾಗಿ ಅಂದೇ ಯೂರೋಪಿಗೆ ಹಡಗು ಹತ್ತಿದರು. ಜೊತೆಯಲ್ಲಿ ಹೊಸದಾಗಿ ಮದುವೆಯಾದ ಗೆಳೆಯ ಡಾ. ಸ್ಯಾಮುಯೆಲ್ ಹೋವ್ ದಂಪತಿಗಳು. ಮಧುಚಂದ್ರದಲ್ಲೂ ಶಾಲೆಗಳನ್ನೇ ನೋಡಿದ್ದು! ಪ್ರಷ್ಯಾದ ಶಿಕ್ಷಕರು ಪುಸ್ತಕವನ್ನು ಕೆಳಗಿಟ್ಟು ಮಕ್ಕಳೊಂದಿಗೆ ಮಾತನಾಡುತ್ತ ಪಾಠ ಮಾಡುವುದನ್ನು ಹೊಗಳಿ ಏಳನೇ ವರದಿ ಬರೆದರು. ಬಾಸ್ಟನ್ನಿನ 31 ಮಂದಿ ಮುಖ್ಯ ಶಿಕ್ಷಕರು ಇದು ತಮಗೆ ಮಾಡಿದ ಅವಮಾನವೆಂದು 1844ರಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಜಗಳ ಹತ್ತಿಕೊಂಡಿತು.

ಅಕ್ಷರಗಳ ವಿಷಯಕ್ಕೆ ಬಂದರೆ ಆ ಶಿಕ್ಷಕರ ಮಾತಿನಲ್ಲೂ ಹುರುಳಿತ್ತು. ಅಕ್ಷರಮಾಲೆಯನ್ನು ಮೊದಲು ಕಲಿಸುವುದು ಬೇಡ, ಇಡೀ ಪದಗಳಿಂದಲೇ ಆರಂಭಿಸಿ ಎಂದು ಮ್ಯಾನ್ ವಾದಿಸುತ್ತಿದ್ದರು. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಸದಿದ್ದರೆ ಬಹಳಷ್ಟು ಮಕ್ಕಳ ಓದು ಎಡವುತ್ತದೆ ಎಂದು ಇಂದಿನ ಸಂಶೋಧನೆ ಹೇಳುತ್ತದೆ. ಅ, ಆ, ಇ, ಈ ತಿದ್ದಿಸಿದ ನಮ್ಮ ಹಿರಿಯರು ಅಷ್ಟೇನೂ ತಪ್ಪಿರಲಿಲ್ಲ.

ಅದುವರೆಗೆ ಶಾಲಾ ಪರೀಕ್ಷೆಯೆಂದರೆ ಸಮಿತಿಯವರು ಬಂದು ಒಬ್ಬೊಬ್ಬರಿಗೆ ಒಂದೆರಡು ಪ್ರಶ್ನೆ ಬಾಯಲ್ಲಿ ಕೇಳಿ ಹೋಗುವುದು. 1845ರಲ್ಲಿ ಬಾಸ್ಟನ್ ಶಾಲಾ ಸಮಿತಿಯಲ್ಲಿದ್ದ ಹೋವ್ ಮತ್ತು ಸಂಗಡಿಗರು ಅಚ್ಚು ಹಾಕಿಸಿದ ಒಂದೇ ಪ್ರಶ್ನೆಪತ್ರಿಕೆಯನ್ನು ಎಲ್ಲ ಶಾಲೆಗಳಿಗೂ ಕೊಂಡೊಯ್ದು, ಮೇಲಿನ ತರಗತಿಯ ಸುಮಾರು 500 ಮಕ್ಕಳಿಂದ ಉತ್ತರ ಬರೆಸಿದರು. ಹಿಂದೆ ಮ್ಯಾನ್ ಅವರ ಪ್ರೇರಣೆಯಿತ್ತು. ಸರಿಯುತ್ತರ ಬಂದದ್ದು ಸರಿಸುಮಾರು ನೂರಕ್ಕೆ ಮೂವತ್ತು! ಜೆಫರ್ಸನ್ ಅವರು 1807ರಲ್ಲಿ ಹಡಗುಗಳು ಪರದೇಶಗಳಿಗೆ ವ್ಯಾಪಾರಕ್ಕೆ ಹೋಗದಂತೆ ಎಂಬಾರ್ಗೋ ಹೇರಿದರು ಎಂಬುದು ಗೊತ್ತಿದ್ದ ಮಕ್ಕಳಲ್ಲೂ, ಎಂಬಾರ್ಗೋ ಎಂದರೇನು ಎಂದು ಹೇಳಲಾಗದವರಿದ್ದರು. ಮ್ಯಾನ್ ತಮ್ಮ ಪತ್ರಿಕೆಯಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿಯೇ ಬಿಟ್ಟರು. ಕೆಲವು ಶಿಕ್ಷಕರು ಕೆಲಸ ಕಳೆದುಕೊಂಡರು. ಮಗುವಿಗೆ ಏನು ತಿಳಿದಿಲ್ಲ ಎಂದು ನೋಡಲು ಮಾಡಿದ ಪರೀಕ್ಷೆ ಮೊದಲ ವರ್ಷವೇ ಶಿಕ್ಷಕರನ್ನು ಅಳೆಯುವ ಕೋಲೂ ಆಯಿತು. ಅದು ಇಂದಿಗೂ ಬಿಟ್ಟಿಲ್ಲ.

ಶಿಕ್ಷಕರನ್ನು ಬರೀ ಬೈದು ಕೂತವರಲ್ಲ ಮ್ಯಾನ್. 1839ರಲ್ಲಿಯೇ ಲೆಕ್ಸಿಂಗ್ಟನ್ನಿನಲ್ಲಿ ಶಿಕ್ಷಕರ ತರಬೇತಿ ಶಾಲೆ ತೆರೆಸಿದ್ದರು. ಮೊದಲ ದಿನ ಬಂದವರು ಮೂವರೇ ಹುಡುಗಿಯರು. ಅದೇ ಸಂಸ್ಥೆ ಮುಂದೆ ಫ್ರೇಮಿಂಗ್‌ಹ್ಯಾಮ್ ಸ್ಟೇಟ್ ಯೂನಿವರ್ಸಿಟಿಯಾಗಿ ಬೆಳೆಯಿತು.

1848ರಲ್ಲಿ ಹನ್ನೆರಡನೇ ವರದಿ ಬರೆದು ಆ ಕೆಲಸ ಬಿಟ್ಟು, ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಹೋಗಿ ಗುಲಾಮಗಿರಿಯ ವಿರುದ್ಧ ಹೋರಾಡಿದರು. 1853ರಿಂದ ಒಹಾಯೊದ ಆಂಟಿಯಾಕ್ ಕಾಲೇಜಿನ ಅಧ್ಯಕ್ಷರು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಅಲ್ಲಿ ಒಂದೇ ಪಾಠ. ಹಣದ ಮುಗ್ಗಟ್ಟಿನಲ್ಲಿ ಕಾಲೇಜನ್ನು ಉಳಿಸಿಕೊಳ್ಳಲು ಹೆಣಗಿ ಸೊರಗಿದ ಅವರು 1859ರ ಆಗಸ್ಟ್ 2ರಂದು ತೀರಿಕೊಂಡರು. ಪ್ರಾವಿಡೆನ್ಸ್ ನಗರದಲ್ಲಿ ಶಾರ್ಲಟ್ ಪಕ್ಕದಲ್ಲಿಯೇ ಅವರ ಸಮಾಧಿಯಿದೆ. ಬಾಸ್ಟನ್ನಿಗೆ ಹೋದರೆ ಸ್ಟೇಟ್ ಹೌಸ್ ಮುಂದಿರುವ ಅವರ ಪ್ರತಿಮೆಯನ್ನು ನೋಡಿ ಬನ್ನಿ. 1865ರಲ್ಲಿ ನಿಲ್ಲಿಸಿದ ಆ ಪ್ರತಿಮೆಗೆ ಚಂದಾ ಕೂಡಿಸಿದವರಲ್ಲಿ ಶಿಕ್ಷಕರೂ ಇದ್ದರು, ಶಾಲೆಯ ಮಕ್ಕಳೂ ಇದ್ದರು.