ಮದುವೆ, ಮಸಣ ಮತ್ತು ಮತ: ಪ್ಲಂಕಿಟ್ಟನ ದಿನಚರಿ

ಕಳೆದ ವೈಶಾಖದಲ್ಲಿ ನಮ್ಮ ಬಂಧುಗಳೊಬ್ಬರ ಮಗಳ ಆರತಕ್ಷತೆಗೆ ಕ್ಷೇತ್ರದ ಶಾಸಕರು ಬಂದಿದ್ದರು. ಬಂದವರು ನಿಂತದ್ದು ನಾಲ್ಕು ನಿಮಿಷ. ವರನ ಕೈ ಕುಲುಕಿ, ವಧುವಿಗೆ ಬೆಳ್ಳಿಯ ದೀಪವೊಂದನ್ನು ಕೊಟ್ಟು, ಫೋಟೋಕ್ಕೆ ನಿಂತು, ಊಟಕ್ಕೆ ಎಷ್ಟು ಒತ್ತಾಯಿಸಿದರೂ ಒಂದು ತುಂಡು ಮೈಸೂರುಪಾಕನ್ನಷ್ಟೇ ಬಾಯಿಗೆ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ಅವರ ಆಪ್ತ ಸಹಾಯಕ ಪಟ್ಟಿ ನೋಡುತ್ತಿದ್ದ. ಅಂದು ಇನ್ನೂ ಎರಡು ಆರತಕ್ಷತೆಗಳೂ ಒಂದು ಸಾವಿನ ಮನೆಯೂ ಬಾಕಿ ಇದ್ದವು. ನನ್ನ ಪಕ್ಕದಲ್ಲಿದ್ದ ನಿವೃತ್ತ ಪ್ರಾಧ್ಯಾಪಕರು, ಶಾಸನ ರಚಿಸಬೇಕಾದವರು ಹೀಗೆ ಕಲ್ಯಾಣಮಂಟಪಗಳನ್ನು ಸುತ್ತುತ್ತಿದ್ದರೆ ನಾಡಿನ ಗತಿ ಏನಾದೀತೆಂದು ಗೊಣಗಿದರು. ನನಗೆ ಆ ಕ್ಷಣ ನೆನಪಾದವನು ನೂರು ವರ್ಷಕ್ಕೂ ಹಿಂದಿನ ನ್ಯೂಯಾರ್ಕಿನ ರಾಜಕಾರಣಿ ಜಾರ್ಜ್ ವಾಷಿಂಗ್ಟನ್ ಪ್ಲಂಕಿಟ್.

ರಾಜ್ಯಶಾಸ್ತ್ರ ಓದಿದವರಿಗೆ ಈ ಹೆಸರು ಹೊಸದಲ್ಲ. ನಾನು ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಸಾರ್ವಜನಿಕ ಹಣಕಾಸಿನ ಪುಸ್ತಕ ಹುಡುಕುತ್ತ ಗ್ರಂಥಾಲಯದ ತಪ್ಪು ಸಾಲಿಗೆ ಕೈಹಾಕಿದೆ. ಸಿಕ್ಕಿದ್ದು ಅವನ ಮಾತುಗಳ ಒಂದು ತೆಳ್ಳನೆಯ ಸಂಗ್ರಹ. ವಿಲಿಯಂ ರಿಯರ್ಡನ್ ಎಂಬ ಪತ್ರಕರ್ತ ಸಂಪಾದಿಸಿ 1905ರಲ್ಲಿ ಪ್ರಕಟಿಸಿದ್ದ ಪುಸ್ತಕ ಅದು. ಪ್ಲಂಕಿಟ್ ತನ್ನ ವಿಚಾರಗಳನ್ನು ಮಂಡಿಸುತ್ತಿದ್ದ ವೇದಿಕೆಯೂ ಸ್ವಾರಸ್ಯಕರವಾದದ್ದು: ನ್ಯೂಯಾರ್ಕ್ ಕೌಂಟಿ ನ್ಯಾಯಾಲಯದ ಕಟ್ಟಡದಲ್ಲಿ ಬೂಟ್ ಪಾಲಿಷ್ ಮಾಡುವವನ ಕುರ್ಚಿ. ಅದನ್ನೇ ತನ್ನ ಕಚೇರಿಯೆಂದು ಅವನು ಭಾವಿಸಿದ್ದ.

ಅವನು ಹುಟ್ಟಿದ್ದು 1842ರಲ್ಲಿ, ಐರಿಷ್ ವಲಸಿಗರ ಬಡ ಮನೆಯಲ್ಲಿ. ಓದು ಬಾಲ್ಯದಲ್ಲೇ ನಿಂತಿತು. ಗಾಡಿ ಹೊಡೆದ, ಕಟುಕನ ಅಂಗಡಿಯಲ್ಲಿ ದುಡಿದ, ಬಳಿಕ ತನ್ನದೇ ಮಾಂಸದಂಗಡಿ ತೆರೆದ. ರಾಜಕೀಯಕ್ಕೆ ಬಂದ ಬಗೆಯನ್ನು ಅರ್ಥಶಾಸ್ತ್ರದ ಮೊದಲ ಪಾಠದಲ್ಲಿ ಹೇಳಬಹುದು. ಯುವಕ ಪ್ಲಂಕಿಟ್ ಮೊದಲು ತನ್ನ ಸೋದರಸಂಬಂಧಿಯೊಬ್ಬನ ಬಳಿಗೆ ಹೋಗಿ, ಅವನ ಮತ ತಾನು ಹೇಳಿದ ಕಡೆಗೇ ಬೀಳುವುದೆಂಬ ಮಾತು ಪಡೆದ. ಆ ಒಂದು ಮತವನ್ನು ಸರಕಿನಂತೆ ಹಿಡಿದು ಪಕ್ಷದ ಸ್ಥಳೀಯ ಮುಖಂಡನ ಮುಂದೆ ನಿಂತ. ಒಂದು ಎರಡಾಯಿತು, ಹತ್ತಾಯಿತು, ಅರವತ್ತಾಯಿತು. ಕೊನೆಗೆ ಅವನ ಹೆಸರಿನದೇ ಒಂದು ಸಂಘವಾಯಿತು. ಆ ಪಕ್ಷಯಂತ್ರದ ಹೆಸರು ಟ್ಯಾಮನಿ ಹಾಲ್. 18ನೇ ಶತಮಾನದ ಕೊನೆಯಲ್ಲಿ ಸೌಹಾರ್ದ ಸಂಘವಾಗಿ ಹುಟ್ಟಿ, ನಗರದ ಡೆಮಾಕ್ರಟಿಕ್ ಪಕ್ಷವನ್ನೇ ನುಂಗಿಕೊಂಡ ಸಂಸ್ಥೆ. 1870ರಲ್ಲಿ ಪ್ಲಂಕಿಟ್ ಒಂದೇ ವರ್ಷ ನಾಲ್ಕು ಸಾರ್ವಜನಿಕ ಹುದ್ದೆಗಳಲ್ಲಿದ್ದು, ಮೂರರ ಸಂಬಳವನ್ನು ಒಟ್ಟಿಗೆ ಎಣಿಸಿಕೊಂಡದ್ದುಂಟು. ಮುಂದೆ ರಾಜ್ಯ ಸೆನೆಟ್ಟಿನ ಸದಸ್ಯನಾದ. ಮ್ಯಾನ್‌ಹಟನ್ನಿನ ಪಶ್ಚಿಮ ಭಾಗದ 15ನೇ ಅಸೆಂಬ್ಲಿ ಕ್ಷೇತ್ರದಲ್ಲಿ ಬಹುಕಾಲ ಅವನೇ ದೊರೆ.

ರಿಯರ್ಡನ್ ತನ್ನ ಪುಸ್ತಕದ ಕೊನೆಯಲ್ಲಿ ಪ್ಲಂಕಿಟ್ಟನ ಒಂದು ದಿನದ ದಿನಚರಿಯನ್ನು ಕೊಟ್ಟಿದ್ದಾನೆ. ಅದನ್ನು ನಾನು ವೃತ್ತಿಜೀವನದುದ್ದಕ್ಕೂ ಮರೆಯಲಾಗಲಿಲ್ಲ. ರಾತ್ರಿ 2 ಗಂಟೆಗೆ ಬಾಗಿಲ ಗಂಟೆ. ಪೊಲೀಸರು ಹಿಡಿದೊಯ್ದಿದ್ದ ಮದ್ಯದಂಗಡಿಯವನೊಬ್ಬನಿಗೆ ಜಾಮೀನು ಆಗಬೇಕಿತ್ತು. ಹೋಗಿ ಬಿಡಿಸಿ ಬಂದು ಮಲಗಿದರೆ, 6 ಗಂಟೆಗೆ ಅಗ್ನಿಶಾಮಕ ಗಾಡಿಗಳ ಸದ್ದು. ಬೆಂಕಿ ಬಿದ್ದಲ್ಲಿಗೆ ಓಡಿ, ಮನೆ ಕಳೆದುಕೊಂಡವರನ್ನು ಹೋಟೆಲಿಗೆ ಸಾಗಿಸಿ, ಬಟ್ಟೆ, ಊಟ, ತಾತ್ಕಾಲಿಕ ವಸತಿಗಳ ಏರ್ಪಾಡು. ಎಂಟೂವರೆಗೆ ಪೊಲೀಸ್ ಕೋರ್ಟು; ಕುಡಿದು ಸಿಕ್ಕಿಬಿದ್ದ ಆರು ಮಂದಿಯಲ್ಲಿ ನಾಲ್ವರನ್ನು ನ್ಯಾಯಾಧೀಶರ ಕಿವಿಯಲ್ಲಿ ಒಂದು ಮಾತು ಹಾಕಿ ಬಿಡಿಸಿದ, ಉಳಿದಿಬ್ಬರ ದಂಡ ತಾನೇ ಕಟ್ಟಿದ. 9ಕ್ಕೆ ಇನ್ನೊಂದು ನ್ಯಾಯಾಲಯ. ಮನೆಯಿಂದ ಹೊರಹಾಕಿಸಿಕೊಳ್ಳಲಿದ್ದ ವಿಧವೆಗೆ ಗಡುವು ಕೊಡಿಸಿದ, ಮತ್ತೊಂದು ಬಡ ಸಂಸಾರದ ಬಾಡಿಗೆ ತೆತ್ತ. 11ಕ್ಕೆ ಮನೆಗೆ ಬಂದರೆ ಉದ್ಯೋಗ ಬೇಡಿ ನಾಲ್ವರು ಕಾದಿದ್ದರು. ಸುಮಾರು ಮೂರು ಗಂಟೆ ಅಲೆದು ನಾಲ್ವರಿಗೂ ದಾರಿ ಮಾಡಿದ.

ಇಲ್ಲಿಂದ ಮುಂದಿನದು ಸಮಾರಂಭಗಳ ಮೆರವಣಿಗೆ. ಮಧ್ಯಾಹ್ನ 3ಕ್ಕೆ ಇಟಾಲಿಯನ್ ಮತದಾರನೊಬ್ಬನ ಶವಯಾತ್ರೆ, ದೋಣಿಕಟ್ಟೆಯವರೆಗೆ. ಅಲ್ಲಿಂದ ಧಾವಿಸಿ ಯಹೂದಿ ಮತದಾರನೊಬ್ಬನ ಅಂತ್ಯಕ್ರಿಯೆ. ಚರ್ಚಿನಲ್ಲಿಯೂ ಸಿನಗಾಗಿನಲ್ಲಿಯೂ ಎಲ್ಲರ ಕಣ್ಣಿಗೆ ಬೀಳುವಂತೆ ಮುಂದಿನ ಸಾಲಿಗೇ ಹೋಗಿ ಕೂತ. ಬಳಿಕ ಯಹೂದಿ ಮಕ್ಕಳ ದೀಕ್ಷಾ ಸಮಾರಂಭ. ನಮ್ಮ ಉಪನಯನಕ್ಕೆ ಸಮೀಪದ್ದು ಎನ್ನಬಹುದು. ಸಂಜೆ 7ಕ್ಕೆ ಕಾರ್ಯಕರ್ತರ ಸಭೆ. 8ಕ್ಕೆ ಚರ್ಚಿನ ಜಾತ್ರೆ. ಅಲ್ಲಿ ಇದ್ದಬದ್ದ ಅದೃಷ್ಟದಾಟಗಳಿಗೆಲ್ಲ ಹಣ ಕಟ್ಟಿದ, ಹುಡುಗಿಯರಿಗೂ ಮಕ್ಕಳಿಗೂ ಐಸ್‌ಕ್ರೀಂ ಕೊಡಿಸಿದ. 9ಕ್ಕೆ ಮತ್ತೆ ಕ್ಲಬ್ಬು. ಚರ್ಚಿನ ಪ್ರವಾಸದ ಟಿಕೆಟ್ಟು, ಚರ್ಚಿನ ಹೊಸ ಗಂಟೆಗೆ ವಂತಿಗೆ. ಹತ್ತೂವರೆಗೆ ಯಹೂದಿ ಮದುವೆಯೊಂದರ ಔತಣ. ವಧುವಿಗೆ ಒಳ್ಳೆಯ ಉಡುಗೊರೆ ಮೊದಲೇ ತಲುಪಿತ್ತು. ಮಧ್ಯರಾತ್ರಿ 12ಕ್ಕೆ ಹಾಸಿಗೆ. ಇಪ್ಪತ್ತೆರಡು ಗಂಟೆಗಳ ಈ ಪಟ್ಟಿಯಲ್ಲಿ ಶಾಸನದ ಒಂದಕ್ಷರವೂ ಇಲ್ಲ. ನಮ್ಮ ಪ್ರಾಧ್ಯಾಪಕರಿಗೆ ಇದನ್ನು ತೋರಿಸಬೇಕಿತ್ತು.

ಇದರ ಹಿಂದೆ ಮುಗ್ಧ ಸ್ನೇಹಪರತೆ ಇತ್ತೆಂದು ಯಾರೂ ಭ್ರಮಿಸಬೇಕಿಲ್ಲ. 1901ರಲ್ಲಿ ನಗರದ ಇನ್ನೊಂದು ಕ್ಷೇತ್ರದಲ್ಲಿ ಫೋಲಿ, ಡಿವರ್ ಎಂಬಿಬ್ಬರು ಟ್ಯಾಮನಿ ಮುಖಂಡರು ಮುಖಂಡತ್ವಕ್ಕಾಗಿ ಸೆಣಸಿದಾಗ, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು ಎಂದು ಮೊದಲು ತಿಳಿಯಲು ಇಬ್ಬರಿಗೂ ಗೂಢಚಾರರಿದ್ದರು. ಒಬ್ಬನ ಉಡುಗೊರೆ ಏನೆಂದು ಅರಿತು ಇನ್ನೊಬ್ಬ ಅದಕ್ಕಿಂತ ಬೆಲೆಬಾಳುವ ಬೆಳ್ಳಿ ಸಾಮಾನು ಕಳಿಸುತ್ತಿದ್ದ. ಪ್ಲಂಕಿಟ್ಟನ ಲೆಕ್ಕವೂ ಇಷ್ಟೇ ನಿಖರ. ಹಾಡಬಲ್ಲ ಹುಡುಗನಿಗೆ ಗಾಯನ ಕೂಟ, ಚೆಂಡಾಡುವವನಿಗೆ ಬೇಸ್‌ಬಾಲ್ ತಂಡ. ಮತ ಆಮೇಲೆ ತಾನಾಗಿ ಬರುತ್ತದೆ. ಮತದಾರರ ನಡುವೆ ಸಿರಿವಂತರ ಉಡುಪು ಧರಿಸಬಾರದು, ಮುಖಂಡನಾದವನು ಕುಡಿಯಬಾರದು ಎಂಬ ಕಟ್ಟುಪಾಡುಗಳೂ ಅವನಿಗಿದ್ದವು.

ಆದರೆ ಬೆಳಗಿನ 6 ಗಂಟೆಯ ಆ ಬೆಂಕಿಯ ವಿಷಯದಲ್ಲಿ ನಾನು ಅವನನ್ನು ಸುಲಭವಾಗಿ ಬಯ್ಯಲಾರೆ. ಮನೆ ಸುಟ್ಟವರು ಯಾವ ಪಕ್ಷದವರೆಂದು ತಾನು ಕೇಳುವುದಿಲ್ಲ, ದಾನಸಂಸ್ಥೆಗಳ ಬಳಿಗೂ ಕಳಿಸುವುದಿಲ್ಲ, ಏಕೆಂದರೆ ಅವರ ವಿಚಾರಣೆ ಮುಗಿಯುವ ಹೊತ್ತಿಗೆ ಸಂತ್ರಸ್ತರು ಹಸಿವಿನಿಂದ ಸತ್ತಿರುತ್ತಾರೆ ಎಂಬುದು ಅವನ ವಾದ. 1980ರ ದಶಕದ ಕೊನೆಯಲ್ಲಿ ನಾನು ತಹಶೀಲ್ದಾರನಾಗಿದ್ದ ತಾಲ್ಲೂಕಿನಲ್ಲಿ ಒಂದು ಬೇಸಿಗೆಯ ಸಂಜೆ ಹನ್ನೊಂದು ಗುಡಿಸಲುಗಳು ಸುಟ್ಟುಹೋದವು. ಅಂದು ರಾತ್ರಿಯೇ ಶಾಸಕರು ಅಕ್ಕಿ, ಸೀರೆ, ಕಂಬಳಿಗಳ ಸಮೇತ ಬಂದರು. ಆ ಅಕ್ಕಿ ಎಲ್ಲಿಯದೆಂದು ನನಗೆ ಗೊತ್ತಿತ್ತು. ಅದರ ಮಾಲೀಕನ ಅರ್ಜಿಯೊಂದು ನನ್ನ ಮೇಜಿನ ಮೇಲೇ ಇತ್ತು. ನಾನು ನಿಯಮದಂತೆ ಗ್ರಾಮಲೆಕ್ಕಿಗರಿಂದ ಪಂಚನಾಮೆ, ರೆವಿನ್ಯೂ ಇನ್ಸ್‌ಪೆಕ್ಟರರಿಂದ ವರದಿ, ಹಾನಿಯ ಅಂದಾಜು ತರಿಸಿ ಕಡತ ಮಾಡಿದೆ. ಎರಡು ಸಲ ಆಕ್ಷೇಪಣೆಯೊಂದಿಗೆ ಅದು ಹಿಂತಿರುಗಿತು. ಪರಿಹಾರದ ಚೆಕ್ಕು ಬರುವ ಹೊತ್ತಿಗೆ ನಾಲ್ಕು ತಿಂಗಳು ಕಳೆದು, ಆ ಜನ ಮಳೆಗಾಲವನ್ನು ಶಾಲೆಯ ಜಗಲಿಯಲ್ಲಿ ದೂಡಿದ್ದರು. ಚೆಕ್ಕು ಪಡೆಯಲು ಬಂದ ವೃದ್ಧೆ ನನಗೆ ಕೈಮುಗಿದು, ಇದನ್ನು ಕೊಡಿಸಿದ ಶಾಸಕರಿಗೆ ತನ್ನ ನಮಸ್ಕಾರ ತಿಳಿಸಬೇಕೆಂದು ಕೇಳಿಕೊಂಡಳು. ಅದು ಅವರು ಕೊಡಿಸಿದ್ದಲ್ಲ, ಸರ್ಕಾರದ ಹಣ, ಅವಳ ಹಕ್ಕು ಎಂದು ವಿವರಿಸಹೊರಟವನು, ಅವಳ ಮುಖ ನೋಡಿ ಸುಮ್ಮನಾದೆ.

ಅಕ್ಕಿ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಪ್ಲಂಕಿಟ್ಟನಿಗೂ ಕೇಳಬೇಕು. ಅವನು ಉತ್ತರವನ್ನು ಬಚ್ಚಿಡಲಿಲ್ಲ, ಅದೇ ಅವನ ವೈಶಿಷ್ಟ್ಯ. ರಾಜಕೀಯದ ಗಳಿಕೆಯಲ್ಲಿ ಪ್ರಾಮಾಣಿಕವಾದದ್ದು, ಅಪ್ರಾಮಾಣಿಕವಾದದ್ದು ಎಂದು ಎರಡು ಬಗೆ ಮಾಡಿದ್ದ. ಜೂಜುಕೋರರಿಂದ, ಮದ್ಯದಂಗಡಿಗಳಿಂದ ವಸೂಲಿ ಮಾಡುವುದು ಅಪ್ರಾಮಾಣಿಕ. ಉದ್ಯಾನವೋ ಸೇತುವೆಯೋ ಎಲ್ಲಿ ಬರಲಿದೆಯೆಂದು ಮೊದಲೇ ತಿಳಿದು ಆ ಜಮೀನು ಕೊಂಡು, ಬಳಿಕ ನಗರಕ್ಕೇ ಲಾಭಕ್ಕೆ ಮಾರುವುದು ಪ್ರಾಮಾಣಿಕ. ಒಮ್ಮೆ ನಗರಾಡಳಿತ ಹಳೆಯ ರಸ್ತೆಯ ಕಲ್ಲುಗಳನ್ನು ಹರಾಜಿಗಿಟ್ಟಿತು. ಪೈಪೋಟಿಗೆ ಬಂದವರನ್ನು ಪ್ಲಂಕಿಟ್ ಒಬ್ಬೊಬ್ಬರನ್ನಾಗಿ ಕಂಡು, ಅವರಿಗೆಷ್ಟು ಕಲ್ಲು ಬೇಕೋ ಅಷ್ಟನ್ನು ಪುಕ್ಕಟೆ ಕೊಡುವುದಾಗಿ ಒಪ್ಪಿಸಿ, 2,50,000 ಕಲ್ಲುಗಳ ಇಡೀ ರಾಶಿಗೆ ತಾನೊಬ್ಬನೇ 2.50 ಡಾಲರ್ ಕೂಗಿ ಪಡೆದ. ರಸ್ತೆ ಅಗಲವಾಗುವ ಮುನ್ನ ಯಾರಾರು ಯಾವ ಸರ್ವೆ ನಂಬರು ಕೊಂಡರೆಂಬುದನ್ನು ಉಪನೋಂದಣಾಧಿಕಾರಿಗಳ ಕಚೇರಿಯ ಪುಸ್ತಕಗಳಲ್ಲಿ ಕಂಡವನಾದ ನನಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ವಧುವಿನ ಉಡುಗೊರೆ, ಚರ್ಚಿನ ಗಂಟೆ, ಶವಯಾತ್ರೆಯ ಖರ್ಚು ಎಲ್ಲವೂ ಬಂದದ್ದು ಆ ಮತದಾರರದೇ ತೆರಿಗೆಯ ಹಣದಿಂದ, ಒಂದು ಸುತ್ತು ಹಾಕಿಕೊಂಡು. ನಡುವೆ ಸೋರಿದ್ದು ಪ್ಲಂಕಿಟ್ಟನ ಪಾಲು. ಅದರಿಂದ ಅವನು ಮಿಲಿಯಾಧಿಪತಿಯಾದ.

ಅವನು ಶಾಪ ಹಾಕುತ್ತಿದ್ದದ್ದು ಮಾತ್ರ ನನ್ನಂಥವರಿಗೆ. ಪರೀಕ್ಷೆಯ ಮೂಲಕ ಸರ್ಕಾರಿ ನೌಕರರನ್ನು ಆರಿಸುವ ಕಾಯಿದೆ 1883ರಲ್ಲಿ ಅಮೆರಿಕದ ಒಕ್ಕೂಟದಲ್ಲಿಯೂ ನ್ಯೂಯಾರ್ಕ್ ರಾಜ್ಯದಲ್ಲಿಯೂ ಬಂದಿತ್ತು. ಪಕ್ಷಕ್ಕೆ ದುಡಿದವನಿಗೆ ಕೆಲಸ ಕೊಡಲಾಗದಿದ್ದರೆ ಪಕ್ಷವೇ ಉಳಿಯದು, ಪಕ್ಷ ಉಳಿಯದಿದ್ದರೆ ದೇಶಭಕ್ತಿಯೂ ಉಳಿಯದು ಎಂಬುದು ಅವನ ತರ್ಕಸರಣಿ. ಪರೀಕ್ಷೆ ಬರೆದು ಬಂದವನಾಗಿ ನಾನು ಇದಕ್ಕೆ ನಗಬೇಕು. ಆ ವೃದ್ಧೆಯ ಚೆಕ್ಕು ನೆನಪಾದಾಗ ಪೂರ್ತಿ ನಗಲಾಗುವುದಿಲ್ಲ.

ಹಣದ ಹರಿವು ಇದೇ ದಿಕ್ಕಿನಲ್ಲಿರಬೇಕೆಂದೇನೂ ಇಲ್ಲ ಎಂಬುದನ್ನು ನಮ್ಮ ನಾಡು ಒಮ್ಮೆ ತೋರಿಸಿತ್ತು. ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ವಿಧಾನಸಭೆಗೆ ಬಂದ ಶಾಂತವೇರಿ ಗೋಪಾಲಗೌಡರು ಮತದಾರರ ಮನೆಗೆ ಹೋಗಿ ಒಂದು ಓಟಿನ ಜೊತೆಗೆ ಒಂದು ನೋಟನ್ನೂ ಬೇಡಿದವರು. ಕೊಡುವ ಕೈ ಮತದಾರನದು, ಬೇಡುವ ಕೈ ಅಭ್ಯರ್ಥಿಯದು. 1972ರಲ್ಲಿ ಅವರು ತೀರಿಕೊಂಡಾಗ ಇನ್ನೂ ಐವತ್ತು ತುಂಬಿರಲಿಲ್ಲ. ಇಂದು ಒಂದು ನೋಟು ಕೇಳಿಕೊಂಡು ಬಂದ ಅಭ್ಯರ್ಥಿಯನ್ನು ನಮ್ಮ ಬಡಾವಣೆಯ ಸಂಘದವರು ಒಳಗೆ ಕರೆದಾರೆಂಬ ನಂಬಿಕೆ ನನಗಿಲ್ಲ. ಗಣೇಶೋತ್ಸವದ ಚಂದಾ ಪುಸ್ತಕದ ಮೊದಲ ಹಾಳೆಯನ್ನು ಅವರು ಶಾಸಕರಿಗೆಂದೇ ಖಾಲಿ ಬಿಡುತ್ತಾರೆ.

ಪ್ಲಂಕಿಟ್ಟನ ಪತನ ಬೇಗ ಬಂತು. 1904ರಲ್ಲಿ ಸೆನೆಟ್ ಸ್ಥಾನ ಹೋಯಿತು. ಮರುವರ್ಷ, ಪುಸ್ತಕ ಹೊರಬಂದ ವರ್ಷವೇ, ಕ್ಷೇತ್ರದ ಮುಖಂಡತ್ವವನ್ನೂ ಮ್ಯಾಕ್‌ಮನಸ್ ಎಂಬ ಸ್ವಪಕ್ಷದವನಿಗೆ ಕಳೆದುಕೊಂಡ. ಸೋಲಿಸಿದವನು ಸುಧಾರಕನೇನಲ್ಲ, ಅದೇ ಗರಡಿಯಲ್ಲಿ ಪಳಗಿದವನು. ಅಷ್ಟೊಂದು ಮದುವೆ, ಮಸಣಗಳ ಋಣ ಒಂದು ಚುನಾವಣೆಗೂ ಸಾಲದಾಯಿತು. 1924ರ ನವೆಂಬರಿನಲ್ಲಿ, 82ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ. 1933ರಲ್ಲಿ ಲಾಗಾರ್ಡಿಯ ಮೇಯರ್ ಆಗಿ ಆಯ್ಕೆಯಾದದ್ದು ಟ್ಯಾಮನಿಗೆ ದೊಡ್ಡ ಪೆಟ್ಟು. 1935ರ ಸಾಮಾಜಿಕ ಭದ್ರತಾ ಕಾಯಿದೆಯಿಂದ ನಿರುದ್ಯೋಗಿಗೂ ವೃದ್ಧರಿಗೂ ನೆರವು ಹಕ್ಕಾಗತೊಡಗಿದ ಮೇಲೆ, ಮುಂಜಾನೆ ಮುಖಂಡನ ಬಾಗಿಲು ಬಡಿಯುವ ಅಗತ್ಯವೂ ಕ್ರಮೇಣ ಕಡಿಮೆಯಾಯಿತು.

ನಮ್ಮಲ್ಲಿಯೂ ಈಗ ವೃದ್ಧಾಪ್ಯ ವೇತನ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆದರೂ ಲಗ್ನಪತ್ರಿಕೆಗಳು ಶಾಸಕರ ಮನೆಗೆ ಹೋಗುವುದು ನಿಂತಿಲ್ಲ. ಮೊನ್ನೆ ಬಂಧುಗಳ ಮನೆಗೆ ಹೋದಾಗ ಮದುವೆಯ ಆಲ್ಬಂ ತೋರಿಸಿದರು. ಮೊದಲ ಪುಟದಲ್ಲಿ ಮಾಂಗಲ್ಯಧಾರಣೆಯಿಲ್ಲ, ಶಾಸಕರಿದ್ದಾರೆ. ಅವರ ಬಲಕ್ಕೆ ವಧೂವರರು. ಎಡಕ್ಕೆ, ಶಲ್ಯ ಸರಿಮಾಡಿಕೊಳ್ಳುತ್ತ, ನಮ್ಮ ಪ್ರಾಧ್ಯಾಪಕರು. ಅವರ ಹೆಗಲ ಹಿಂದಿನಿಂದ ಕತ್ತು ಚಾಚಿ ಇಣುಕುತ್ತಿರುವವನು ನಾನು.